ಪ್ರತಿದ್ರವ್ಯದ ಸೆರೆ: ಶೀತಕಣಗಳ ಸಂಗ್ರಹಣೆಯ ಚರಿತ್ರೆ ಮತ್ತು ವಿಧಾನ

೧

ಪ್ರತಿದ್ರವ್ಯದ ಚರಿತ್ರೆಯನ್ನು ಹೇಳುವವರು ಅದರ ಆವಿಷ್ಕಾರದ ದಿನಕ್ಕೇ ಕಥೆಯನ್ನು ಮುಗಿಸಿಬಿಡುವುದು ವಾಡಿಕೆಯಾಗಿದೆ. ೧೯೨೮ರಲ್ಲಿ ಪಾಲ್ ಡಿರಾಕ್ ಎಂಬ ಇಂಗ್ಲಿಷ್ ವಿದ್ವಾಂಸನು ಎಲೆಕ್ಟ್ರಾನಿನ ವರ್ತನೆಯನ್ನು ನಿರೂಪಿಸುವ ಸಮೀಕರಣವೊಂದನ್ನು ಬರೆದನು. ಎಲೆಕ್ಟ್ರಾನಿನಷ್ಟೇ ದ್ರವ್ಯರಾಶಿಯುಳ್ಳ, ಆದರೆ ವಿರುದ್ಧವಾದ ವಿದ್ಯುದಂಶವುಳ್ಳ ಕಣವೊಂದು ಇರಬೇಕೆಂದು ೧೯೩೧ರಲ್ಲಿ ಆತನೇ ಸೂಚಿಸಿದನು. ಮರುವರ್ಷ, ಅಂದರೆ ೧೯೩೨ರಲ್ಲಿ, ಅಮೆರಿಕದ ಪಾಸಡೀನ ನಗರದಲ್ಲಿ ಕಾರ್ಲ್ ಆಂಡರ್‌ಸನ್ನನು ವಿಶ್ವಕಿರಣಗಳು ಬಿಟ್ಟುಹೋದ ಜಾಡುಗಳ ಛಾಯಾಚಿತ್ರಗಳನ್ನು ಪರಿಶೀಲಿಸುತ್ತಿದ್ದಾಗ ಆ ಕಣವನ್ನು ಕಂಡನು; ಅದಕ್ಕೆ ಪಾಸಿಟ್ರಾನ್ ಎಂದು ಹೆಸರಾಯಿತು. ತರುವಾಯ ೧೯೫೫ರಲ್ಲಿ ಬರ್ಕ್ಲಿಯ ಬೆವಟ್ರಾನ್ ಎಂಬ ಮಹಾಯಂತ್ರದ ಸಹಾಯದಿಂದ ಸೆಗ್ರೆ, ಚೇಂಬರ್ಲೇನ್, ವೀಗಂಡ್, ಇಪ್ಸಿಲಾಂಟಿಸ್ ಎಂಬ ನಾಲ್ವರು ಪ್ರತಿಪ್ರೋಟಾನನ್ನು ಕಂಡುಹಿಡಿದರು. ಅವರಲ್ಲಿ ಮೊದಲಿನ ಇಬ್ಬರಿಗೆ ೧೯೫೯ರಲ್ಲಿ ನೊಬೆಲ್ ಪಾರಿತೋಷಕವು ಲಭಿಸಿತು.

ಪಠ್ಯಪುಸ್ತಕದ ಕಥೆಯು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತದೆ. ಆದರೆ ಆವಿಷ್ಕಾರವಾದ ದಿನ ಪ್ರತಿಪ್ರೋಟಾನಿನ ವಿಷಯವಾಗಿ ತಿಳಿದಿದ್ದುದಾದರೂ ಎಷ್ಟು? ಅದರ ವಿದ್ಯುದಂಶವು ಋಣ. ಅದರ ದ್ರವ್ಯರಾಶಿಯು, ನೂರಕ್ಕೆ ಐದರಷ್ಟು ಹೆಚ್ಚುಕಡಮೆಯೊಳಗೆ, ಪ್ರೋಟಾನಿನ ದ್ರವ್ಯರಾಶಿಗೆ ಸಮ. ಇದಕ್ಕಿಂತ ಹೆಚ್ಚಿಗೆ ತಿಳಿಯಲು ಅವಕಾಶವೇ ಇರಲಿಲ್ಲ. ಏಕೆಂದರೆ ಬೆಳಕಿನ ವೇಗದ ಮುಕ್ಕಾಲು ಪಾಲನ್ನೂ ಮೀರಿದ ವೇಗದಲ್ಲಿ ಆ ಕಣವು ಉಪಕರಣಗಳನ್ನು ಹಾದುಹೋಗಿ, ಎದುರಾದ ಯಾವುದೋ ಪರಮಾಣುವಿನೊಡನೆ ಸೇರಿ ಅಳಿದುಹೋಗುತ್ತಿತ್ತು.

ಶಾಸನವೊಂದು ದೊರೆಯಿತೆಂಬ ವರ್ತಮಾನವು ಬೇರೆ, ಅದರ ಪಡಿಯಚ್ಚನ್ನು ಮುಂದಿಟ್ಟುಕೊಂಡು ಅಕ್ಷರಕ್ಕೆ ಅಕ್ಷರ ಕೂಡಿಸಿ ಓದುವುದು ಬೇರೆ ಎಂಬುದನ್ನು ಇತಿಹಾಸದ ಅಧ್ಯಾಪಕರಾದ ನಾವು ಚೆನ್ನಾಗಿ ಬಲ್ಲೆವು. ಪ್ರತಿದ್ರವ್ಯದ ವಿಷಯದಲ್ಲಿಯೂ ಹಾಗೆಯೇ. ಪ್ರತಿಪ್ರೋಟಾನು ಕಾಣಿಸಿಕೊಂಡ ೧೯೫೫ಕ್ಕೂ, ಅದು ಮೊದಲ ಬಾರಿಗೆ ಬೋನಿನೊಳಗೆ ನಿಂತ ೧೯೮೬ಕ್ಕೂ ನಡುವೆ ೩೧ ವರ್ಷಗಳ ಅಂತರವಿದೆ. ಈ ಅಂತರವನ್ನು ದಾಟಿದ ಬಗೆ ಹೇಗೆ, ದಾಟಿದ್ದರಿಂದ ದೊರೆತ ಜ್ಞಾನವೇನು ಎಂಬುದನ್ನು ಈ ಲೇಖನದಲ್ಲಿ ವಿವರಿಸಲು ಯತ್ನಿಸುತ್ತೇವೆ. ಕಣವನ್ನು ಕಂಡದ್ದಕ್ಕಿಂತ ಅದನ್ನು ಇಟ್ಟುಕೊಂಡದ್ದೇ ಈ ಚರಿತ್ರೆಯಲ್ಲಿ ಹೆಚ್ಚಿನ ಘಟನೆಯೆಂಬುದು ನಮ್ಮ ಅಭಿಪ್ರಾಯ.

೨

ಮೊದಲು, ಇಷ್ಟು ಶ್ರಮಪಟ್ಟು ಈ ಕಣಗಳನ್ನು ಇಟ್ಟುಕೊಳ್ಳುವುದೇತಕ್ಕೆ ಎಂಬುದನ್ನು ನೋಡೋಣ.

ವಿದ್ಯುದಂಶವುಳ್ಳ ಪ್ರತಿಯೊಂದು ಮೂಲಕಣಕ್ಕೂ ಅದರ ಪ್ರತಿಕಣವೊಂದುಂಟು. ಎರಡರ ದ್ರವ್ಯರಾಶಿಯೂ ಒಂದೇ, ವಿದ್ಯುದಂಶ ಮಾತ್ರ ವಿರುದ್ಧ. ಅವೆರಡೂ ಸಂಧಿಸಿದರೆ ಎರಡೂ ಅಳಿಯುತ್ತವೆ. ಎಲೆಕ್ಟ್ರಾನು ಪಾಸಿಟ್ರಾನುಗಳು ಅಳಿದಾಗ ಗಾಮಾ ಕಿರಣಗಳೂ, ಪ್ರೋಟಾನು ಪ್ರತಿಪ್ರೋಟಾನುಗಳು ಅಳಿದಾಗ ಮುಖ್ಯವಾಗಿ ಪಯಾನ್‌ಗಳೆಂಬ ಅಲ್ಪಾಯುಷಿ ಕಣಗಳೂ ಹೊರಚಿಮ್ಮುತ್ತವೆ.

ವಿಶ್ವವು ತನ್ನ ಆರಂಭದ ಅತ್ಯುಷ್ಣ ಸ್ಥಿತಿಯಲ್ಲಿದ್ದಾಗ ದ್ರವ್ಯವೂ ಪ್ರತಿದ್ರವ್ಯವೂ ಸಮಪ್ರಮಾಣದಲ್ಲಿ ಹುಟ್ಟಿರಬೇಕೆಂದು ಭೌತಶಾಸ್ತ್ರಜ್ಞರು ಊಹಿಸುತ್ತಾರೆ. ಸಮವಾಗಿ ಹುಟ್ಟಿದವು ಸಮವಾಗಿಯೇ ಅಳಿದಿದ್ದ ಪಕ್ಷದಲ್ಲಿ ನಕ್ಷತ್ರಗಳಾಗಲಿ, ಭೂಮಿಯಾಗಲಿ, ಈ ಪ್ರಶ್ನೆಯನ್ನು ಕೇಳುವ ಮನುಷ್ಯರಾಗಲಿ ಇರುತ್ತಿರಲಿಲ್ಲ. ಆದರೆ ನಾವು ಇದ್ದೇವೆ. ನಮ್ಮ ಸುತ್ತ ದ್ರವ್ಯವು ತುಂಬಿದೆ, ಪ್ರತಿದ್ರವ್ಯವು ವಿರಳವಾಗಿದೆ. ಎರಡರ ನಡತೆಯಲ್ಲಿ ಎಲ್ಲಿಯೋ ಒಂದು ಸೂಕ್ಷ್ಮ ಭೇದವಿರಬೇಕು. ೧೯೬೪ರಲ್ಲಿ ಕ್ರೋನಿನ್, ಫಿಚ್ ಮತ್ತು ಅವರ ಸಂಗಡಿಗರು ಕೇಯಾನ್‌ಗಳೆಂಬ ಕಣಗಳ ಕ್ಷಯದಲ್ಲಿ ಅಂಥ ಭೇದವೊಂದನ್ನು ಕಂಡರು. ಆದರೆ ಇದುವರೆಗೆ ಕಂಡ ಭೇದಗಳೆಲ್ಲವನ್ನು ಕೂಡಿಸಿದರೂ ವಿಶ್ವದಲ್ಲಿ ಉಳಿದಿರುವ ದ್ರವ್ಯದ ಪ್ರಮಾಣಕ್ಕೆ ಲೆಕ್ಕ ಸರಿಹೋಗುವುದಿಲ್ಲ.

ಇನ್ನೊಂದು ಕಡೆ, ಸಿಪಿಟಿ ಪ್ರಮೇಯವೆಂದು ಹೆಸರಾದ ಮೂಲತತ್ತ್ವವೊಂದಿದೆ. ಅದರ ಪ್ರಕಾರ ಪ್ರೋಟಾನು ಪ್ರತಿಪ್ರೋಟಾನುಗಳ ದ್ರವ್ಯರಾಶಿಯಲ್ಲಿಯೂ, ಅವುಗಳ ಕಾಂತಗುಣದ ಪರಿಮಾಣದಲ್ಲಿಯೂ, ಹೈಡ್ರೊಜನ್ ಪ್ರತಿಹೈಡ್ರೊಜನ್‌ಗಳ ರೋಹಿತ ರೇಖೆಗಳಲ್ಲಿಯೂ ಕೂದಲೆಳೆಯಷ್ಟು ವ್ಯತ್ಯಾಸವೂ ಇರಕೂಡದು. ವ್ಯತ್ಯಾಸವು ಸಿಕ್ಕಿದರೆ ಇಂದಿನ ಭೌತಶಾಸ್ತ್ರದ ಅಸ್ತಿಭಾರವೇ ಅಲುಗುತ್ತದೆ; ಸಿಗದಿದ್ದರೆ ವಿಶ್ವದ ಅಸಮತೆಗೆ ಕಾರಣವನ್ನು ಬೇರೆಡೆ ಹುಡುಕಬೇಕಾಗುತ್ತದೆ. ಎರಡರಲ್ಲಿ ಯಾವುದೆಂದು ನಿರ್ಣಯಿಸಲು ಹತ್ತನೆಯ, ಹನ್ನೊಂದನೆಯ ದಶಮಾಂಶ ಸ್ಥಾನದವರೆಗೆ ಅಳೆಯಬೇಕು. ಓಡುವ ಕಣವನ್ನು ಹಾಗೆ ಅಳೆಯಲಾಗದು. ಅದು ನಿಲ್ಲಬೇಕು, ತಣ್ಣಗಾಗಬೇಕು, ದೀರ್ಘಕಾಲ ಬಾಳಬೇಕು.

೩

ಇಲ್ಲಿ ಎದುರಾಗುವ ಮೊದಲನೆಯ ತೊಡಕು ಪಾತ್ರೆಯದು. ಯಾವ ಪಾತ್ರೆಯನ್ನು ಮಾಡಿದರೂ ಅದು ದ್ರವ್ಯದ್ದೇ ಆಗಿರಬೇಕಷ್ಟೆ. ಪ್ರತಿಕಣವು ಅದರ ಗೋಡೆಯನ್ನು ಮುಟ್ಟಿದೊಡನೆಯೇ ಅಳಿಯುತ್ತದೆ. ಆದಕಾರಣ ಮುಟ್ಟದೆ ಹಿಡಿದಿಡುವ ಪಾತ್ರೆಯು ಬೇಕು. ಸ್ಥಿರವಾದ ವಿದ್ಯುದ್ಬಲದಿಂದಲೇ ಹಿಡಿದಿಡೋಣವೆಂದರೆ ಅದೂ ಅಸಾಧ್ಯ. ಸ್ಥಿರವಿದ್ಯುತ್ತಿನ ಬಲಗಳು ಎಷ್ಟೇ ಇದ್ದರೂ ಅವುಗಳಿಂದ ಮಾತ್ರವೇ ವಿದ್ಯುತ್ಕಣವನ್ನು ಒಂದು ಬಿಂದುವಿನಲ್ಲಿ ಅಲುಗದಂತೆ ನಿಲ್ಲಿಸಲಾಗದೆಂಬುದನ್ನು ಸ್ಯಾಮ್ಯುಯೆಲ್ ಅರ್ನ್‌ಷಾ ಎಂಬಾತನು ೧೮೪೨ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಸಾಧಿಸಿ ತೋರಿಸಿದ್ದನು. ಒಂದು ದಿಕ್ಕಿನಲ್ಲಿ ದಾರಿಯನ್ನು ಮುಚ್ಚಿದರೆ ಇನ್ನೊಂದು ದಿಕ್ಕಿನಲ್ಲಿ ಅದು ತೆರೆದುಕೊಳ್ಳುತ್ತದೆ.

ಈ ತೊಡಕಿನಿಂದ ಪಾರಾಗುವ ಉಪಾಯವು ಬೇರೊಂದು ಉದ್ದೇಶದ ಕೆಲಸದಿಂದ ಬಂದಿತು. ನೆದರ್ಲೆಂಡ್ಸಿನ ಐಂಡ್‌ಹೋವನ್ ಪಟ್ಟಣದಲ್ಲಿ ಫಿಲಿಪ್ಸ್ ಸಂಸ್ಥೆಯ ಪ್ರಯೋಗಶಾಲೆಯಲ್ಲಿದ್ದ ಫ್ರಾನ್ಸ್ ಪೆನ್ನಿಂಗ್ ಎಂಬ ವಿಜ್ಞಾನಿಯು ೧೯೩೬ರಲ್ಲಿ, ಅತ್ಯಲ್ಪ ಒತ್ತಡದ ಅನಿಲಗಳಲ್ಲಿ ವಿದ್ಯುತ್ತು ಹರಿಯುವ ಬಗೆಯನ್ನು ಅಭ್ಯಸಿಸುತ್ತ, ಕಾಂತಕ್ಷೇತ್ರವನ್ನು ಹೊಂದಿಸಿದರೆ ಎಲೆಕ್ಟ್ರಾನುಗಳು ಗೋಡೆಯನ್ನು ಬೇಗನೆ ಸೇರದೆ ಸುತ್ತುತ್ತಲೇ ಇರುವುವೆಂಬುದನ್ನು ಬಳಸಿಕೊಂಡನು. ಕಣಗಳನ್ನು ಕೂಡಿಡುವ ಉದ್ದೇಶವು ಆತನಿಗಿರಲಿಲ್ಲ. ಅಮೆರಿಕದ ಸಿಯಾಟಲ್ ನಗರದ ವಿಶ್ವವಿದ್ಯಾನಿಲಯದಲ್ಲಿದ್ದ ಹಾನ್ಸ್ ಡೆಮೆಲ್ಟನು ಆ ತತ್ತ್ವದ ಮೇಲೆ ಬೋನನ್ನು ಕಟ್ಟಿ, ಅದಕ್ಕೆ ಪೆನ್ನಿಂಗನ ಹೆಸರನ್ನೇ ಇಟ್ಟನು.

ಪೆನ್ನಿಂಗ್ ಬೋನಿನ ರಚನೆಯು ನೋಡುವುದಕ್ಕೆ ಸರಳವಾದದ್ದು. ಲೋಹದ ಉಂಗುರಗಳನ್ನು ಒಂದರ ಮೇಲೊಂದರಂತೆ ಪೇರಿಸಿ ಕೊಳವೆಯಂತೆ ಮಾಡಿ, ಆ ಕೊಳವೆಯನ್ನು ಪ್ರಬಲವಾದ ಅತಿವಾಹಕ ಕಾಂತದ ನಡುವೆ ಇರಿಸುತ್ತಾರೆ. ಕಾಂತಕ್ಷೇತ್ರವು ಕೊಳವೆಯ ಉದ್ದಕ್ಕೂ ಹಾದಿರುತ್ತದೆ. ಪಕ್ಕಕ್ಕೆ ಸರಿಯಹೋದ ಕಣವನ್ನು ಅದು ಬಾಗಿಸಿ, ಗಾಣದ ಎತ್ತಿನಂತೆ ಅಲ್ಲಿಯೇ ಸುತ್ತಿಸುತ್ತದೆ. ಉಳಿದದ್ದು ಕೊಳವೆಯ ಎರಡು ತುದಿಗಳು. ಪ್ರತಿಪ್ರೋಟಾನು ಋಣಕಣವಾದುದರಿಂದ ಎರಡು ಕಡೆಯ ಉಂಗುರಗಳಿಗೂ ಋಣ ವೋಲ್ಟೇಜನ್ನು ಕೊಟ್ಟರೆ ಅದು ಅಲ್ಲಿಂದ ಹಿಂದಕ್ಕೆ ತಳ್ಳಲ್ಪಡುತ್ತದೆ. ಹೀಗೆ ಕಾಂತವು ಪಕ್ಕಗಳನ್ನೂ ವಿದ್ಯುತ್ತು ತುದಿಗಳನ್ನೂ ಕಾಯುತ್ತವೆ. ಕಣವು ಒಂದೆಡೆ ಅಲುಗದೆ ನಿಂತಿಲ್ಲ, ಸುತ್ತುತ್ತಿದೆ. ಆದುದರಿಂದ ಅರ್ನ್‌ಷಾನ ಪ್ರಮೇಯಕ್ಕೆ ಭಂಗವೇನೂ ಬರುವುದಿಲ್ಲ.

೧೯೭೩ರಲ್ಲಿ ಡೆಮೆಲ್ಟನೂ ಆತನ ಸಂಗಡಿಗರೂ ಇಂಥ ಬೋನಿನಲ್ಲಿ ಒಂದೇ ಒಂದು ಎಲೆಕ್ಟ್ರಾನನ್ನು ಹಿಡಿದಿಟ್ಟರು. ೧೯೮೪ರಲ್ಲಿ ಒಂಟಿ ಪಾಸಿಟ್ರಾನೊಂದು ಅವರ ಬೋನಿನಲ್ಲಿ ಸುಮಾರು ಮೂರು ತಿಂಗಳು ಉಳಿಯಿತು. ಅದಕ್ಕೆ ಅವರು ಪ್ರಿಸಿಲ್ಲ ಎಂದು ಹೆಸರನ್ನೂ ಇಟ್ಟಿದ್ದರು. ಒಂದು ಮೂಲಕಣವನ್ನು ಹೆಸರಿಟ್ಟು ಕರೆಯುವಷ್ಟು ಕಾಲ ಇರಿಸಿಕೊಂಡದ್ದು ಸಾಮಾನ್ಯವಾದ ಸಂಗತಿಯಲ್ಲ. ೧೯೮೯ರಲ್ಲಿ ಡೆಮೆಲ್ಟನಿಗೆ ನೊಬೆಲ್ ಪಾರಿತೋಷಕದ ಒಂದು ಪಾಲು ಸಂದಿತು.

೪

ಪಾಸಿಟ್ರಾನುಗಳನ್ನು ಪಡೆಯುವುದು ಅಷ್ಟೊಂದು ಕಷ್ಟವಲ್ಲ. ವಿಕಿರಣಶೀಲವಾದ ಸೋಡಿಯಂ ೨೨ ಅವುಗಳನ್ನು ತಾನಾಗಿಯೇ ಹೊರಸೂಸುತ್ತದೆ. ಪ್ರತಿಪ್ರೋಟಾನಿನ ವಿಷಯವು ಹಾಗಲ್ಲ. ಜಿನೀವಾ ನಗರದ ಬಳಿ ಇರುವ ಸರ್ನ್ ಎಂಬ ಯೂರೋಪಿನ ಸಂಶೋಧನ ಕೇಂದ್ರದಲ್ಲಿ ಪ್ರೋಟಾನುಗಳಿಗೆ ಸುಮಾರು ೨,೬೦೦ ಕೋಟಿ ಎಲೆಕ್ಟ್ರಾನ್-ವೋಲ್ಟುಗಳ ಶಕ್ತಿಯನ್ನು ಕೊಟ್ಟು ಇರಿಡಿಯಂ ಲೋಹಕ್ಕೆ ಢಿಕ್ಕಿಹೊಡೆಸುತ್ತಾರೆ. ಸುಮಾರು ಹತ್ತು ಲಕ್ಷ ಢಿಕ್ಕಿಗಳಿಗೆ ಒಂದರಂತೆ ಪ್ರತಿಪ್ರೋಟಾನು ಹುಟ್ಟುತ್ತದೆ. ಹೀಗೆ ಹುಟ್ಟಿ ಸಂಗ್ರಹಕ್ಕೆ ಬರುವ ಕಣದ ಚಲನಶಕ್ತಿಯು ಸುಮಾರು ೨೭೦ ಕೋಟಿ ಎಲೆಕ್ಟ್ರಾನ್-ವೋಲ್ಟು. ದ್ರವ ಹೀಲಿಯಮ್ಮಿನ ಉಷ್ಣತೆಯಲ್ಲಿ, ಅಂದರೆ ನಿರಪೇಕ್ಷ ಶೂನ್ಯಕ್ಕಿಂತ ನಾಲ್ಕು ಡಿಗ್ರಿ ಮೇಲೆ, ಕಣಕ್ಕಿರುವ ಶಕ್ತಿಯಾದರೋ ಅದರ ಏಳು ಲಕ್ಷ ಕೋಟಿಯಲ್ಲಿ ಒಂದು ಪಾಲು ಮಾತ್ರ. ಅಷ್ಟು ಎತ್ತರದಿಂದ ಇಷ್ಟು ಕೆಳಕ್ಕೆ, ಗೋಡೆಯನ್ನು ಮುಟ್ಟಿಸದೆ, ಇಳಿಸಿತರಬೇಕು.

ಇಲ್ಲಿ ಚರಿತ್ರೆಯ ವಿಚಿತ್ರವೊಂದನ್ನು ಗಮನಿಸಬೇಕು. ಸರ್ನ್ ಕೇಂದ್ರದಲ್ಲಿ ಪ್ರತಿಪ್ರೋಟಾನುಗಳನ್ನು ಮೊದಲು ಹೇರಳವಾಗಿ ಕೂಡಿಹಾಕಿದ್ದು ಅವುಗಳನ್ನು ನಿಲ್ಲಿಸುವುದಕ್ಕಲ್ಲ, ಇನ್ನೂ ವೇಗವಾಗಿ ಓಡಿಸಿ ಪ್ರೋಟಾನುಗಳಿಗೆ ಎದುರಾಗಿ ಹೊಡೆಸುವುದಕ್ಕೆ. ಸೈಮನ್ ವಾನ್ ಡರ್ ಮೀರನ ಉಪಾಯದಿಂದ ಚದರಿದ ಪ್ರತಿಪ್ರೋಟಾನುಗಳನ್ನು ಒಂದು ದಟ್ಟ ಪ್ರವಾಹವಾಗಿ ಒಗ್ಗೂಡಿಸಲು ಸಾಧ್ಯವಾಗಿ, ೧೯೮೩ರಲ್ಲಿ ಡಬ್ಲ್ಯು ಮತ್ತು ಜ಼ಡ್ ಎಂಬ ಭಾರವಾದ ಕಣಗಳು ಪತ್ತೆಯಾದುವು. ಅದೇ ಸಂಗ್ರಹದ ಒಂದು ಪಾಲನ್ನು ವಿರುದ್ಧ ದಿಕ್ಕಿನ ಕೆಲಸಕ್ಕೆ ತಿರುಗಿಸಿದ್ದು ೧೯೮೨ರಿಂದ ೧೯೯೬ರವರೆಗೆ ನಡೆದ ಲಿಯರ್ ಎಂಬ ಉಂಗುರಯಂತ್ರ. ಅದುವರೆಗೆ ಹೆಚ್ಚಿನ ಶಕ್ತಿಯ ಬೆನ್ನು ಹತ್ತಿದ್ದ ಶಾಸ್ತ್ರವು ಅಲ್ಲಿ ಕಡಮೆ ಶಕ್ತಿಯನ್ನು ಅರಸತೊಡಗಿತು.

೧೯೮೬ರಲ್ಲಿ ಗೆರಾಲ್ಡ್ ಗೇಬ್ರಿಯೆಲ್ಸ್ ಅವರೂ ಅವರ ಸಂಗಡಿಗರೂ ಲಿಯರಿನಿಂದ ಬಂದ ಪ್ರತಿಪ್ರೋಟಾನುಗಳನ್ನು ತೆಳುವಾದ ತಡೆಯೊಂದರ ಮೂಲಕ ಹಾಯಿಸಿದರು. ತಡೆಯೊಳಗಿನ ಪರಮಾಣುಗಳಿಗೆ ತಾಕುತ್ತ ಬಹುಪಾಲು ಕಣಗಳು ಅಲ್ಲಿಯೇ ನಾಶವಾದುವು. ಕೆಲವು ಮಾತ್ರ ೩,೦೦೦ ಎಲೆಕ್ಟ್ರಾನ್-ವೋಲ್ಟಿಗಿಂತ ಕಡಮೆ ಶಕ್ತಿಯಿಂದ ಆಚೆಗೆ ಹೊರಟುವು. ಅವು ಬೋನನ್ನು ಹೊಕ್ಕು, ಅದರ ದೂರದ ತುದಿಯಿಂದ ಪುಟಿದು ಹಿಂದಿರುಗುವಷ್ಟರಲ್ಲಿ ಬಂದ ದಾರಿಯ ವಿದ್ಯುತ್ ಬಾಗಿಲನ್ನು ಮುಚ್ಚಿದರು. ಆ ಬಾಗಿಲು ಮುಚ್ಚುವುದಕ್ಕೆ ದೊರೆಯುವ ಅವಧಿಯು ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲಿಗಿಂತಲೂ ಕಡಮೆ. ಅಂದು ಹಿಡಿದ ಕಣಗಳಲ್ಲಿ ಕೆಲವು ಹತ್ತು ನಿಮಿಷಗಳವರೆಗೆ ಉಳಿದುವು.

ಹಿಡಿದ ಕಣಗಳನ್ನು ತಣಿಸುವುದು ಮುಂದಿನ ಹೆಜ್ಜೆ. ಅದಕ್ಕಾಗಿ ಅದೇ ಬೋನಿನಲ್ಲಿ ಮೊದಲೇ ಎಲೆಕ್ಟ್ರಾನುಗಳನ್ನು ತುಂಬಿರುತ್ತಾರೆ. ಎಲೆಕ್ಟ್ರಾನಿಗೂ ಪ್ರತಿಪ್ರೋಟಾನಿಗೂ ಉಭಯನಾಶದ ಸಂಬಂಧವಿಲ್ಲ. ಎರಡೂ ಋಣಕಣಗಳಾದುದರಿಂದ ಒಂದೇ ಬೋನು ಎರಡಕ್ಕೂ ಸಲ್ಲುತ್ತದೆ. ಹಗುರವಾದ ಎಲೆಕ್ಟ್ರಾನುಗಳು ಕಾಂತಕ್ಷೇತ್ರದಲ್ಲಿ ಸುತ್ತುತ್ತ ತಮ್ಮ ಶಕ್ತಿಯನ್ನು ಸೆಕೆಂಡಿಗಿಂತ ಕಡಮೆ ಕಾಲದಲ್ಲಿ ಕಿರಣರೂಪವಾಗಿ ಕಳೆದುಕೊಂಡು ಗೋಡೆಯಷ್ಟೇ ತಣ್ಣಗಾಗುತ್ತವೆ. ಬಿಸಿಯಾದ ಪ್ರತಿಪ್ರೋಟಾನುಗಳು ಅವುಗಳ ನಡುವೆ ಮತ್ತೆ ಮತ್ತೆ ಹಾಯ್ದು, ಕಾದ ಕಬ್ಬಿಣವು ತೊಟ್ಟಿಯ ನೀರಿನಲ್ಲಿ ಆರುವಂತೆ ಆರುತ್ತವೆ. ಆಮೇಲೆ ವೋಲ್ಟೇಜನ್ನು ಕ್ಷಣಮಾತ್ರ ತಗ್ಗಿಸಿದರೆ ಹಗುರವಾದ ಎಲೆಕ್ಟ್ರಾನುಗಳು ಹೊರಕ್ಕೆ ಓಡುತ್ತವೆ, ಭಾರವಾದ ಪ್ರತಿಪ್ರೋಟಾನುಗಳು ಅಲುಗುವ ಮೊದಲೇ ಬಾಗಿಲು ಮತ್ತೆ ಮುಚ್ಚಿರುತ್ತದೆ. ೧೯೮೯ರ ವೇಳೆಗೆ ಈ ವಿಧಾನದಿಂದ ಪ್ರತಿಪ್ರೋಟಾನುಗಳು ನಿರಪೇಕ್ಷ ಶೂನ್ಯಕ್ಕಿಂತ ೪.೨ ಡಿಗ್ರಿಗೆ ಇಳಿದಿದ್ದುವು.

ಕಣವು ತಣಿದರೂ ಸಾಲದು. ಬೋನಿನಲ್ಲಿ ಉಳಿದ ಗಾಳಿಯ ಒಂದು ಪರಮಾಣುವು ತಾಗಿದರೂ ಅದರ ಬಾಳು ಮುಗಿಯುತ್ತದೆ. ಬೋನಿನ ಗೋಡೆಗಳನ್ನು ದ್ರವ ಹೀಲಿಯಮ್ಮಿನಿಂದ ತಂಪಾಗಿರಿಸುವುದು ಇಲ್ಲಿಯೂ ಉಪಕಾರಕ್ಕೆ ಬರುತ್ತದೆ: ಉಳಿದ ಅನಿಲಗಳು ಗೋಡೆಗೆ ಅಂಟಿ ಹೆಪ್ಪುಗಟ್ಟುತ್ತವೆ. ಗೇಬ್ರಿಯೆಲ್ಸ್ ಅವರ ಬೋನಿನಲ್ಲಿ ಘನ ಸೆಂಟಿಮೀಟರೊಂದಕ್ಕೆ ಉಳಿದಿದ್ದುದು ಹೆಚ್ಚೆಂದರೆ ನೂರರಷ್ಟು ಪರಮಾಣುಗಳು. ನಾವು ಉಸಿರಾಡುವ ಗಾಳಿಯಲ್ಲಿ ಅಷ್ಟೇ ಜಾಗದಲ್ಲಿರುವ ಅಣುಗಳ ಸಂಖ್ಯೆಯನ್ನು ಬರೆಯಲು ಇಪ್ಪತ್ತು ಅಂಕೆಗಳು ಬೇಕು.

ಲಿಯರ್ ಯಂತ್ರವು ೧೯೯೬ರ ಕೊನೆಗೆ ನಿಂತಿತು. ಅದರ ಜಾಗದಲ್ಲಿ, ಹಳೆಯ ಸಂಗ್ರಹದ ಉಂಗುರವೊಂದನ್ನೇ ಮಾರ್ಪಡಿಸಿ, ಪ್ರತಿಪ್ರೋಟಾನುಗಳ ವೇಗವನ್ನು ತಗ್ಗಿಸುವುದೊಂದನ್ನೇ ಕೆಲಸವಾಗಿ ಉಳ್ಳ ಯಂತ್ರವು ೨೦೦೦ದಲ್ಲಿ ಆರಂಭವಾಯಿತು. ಅದು ಕಣಗಳನ್ನು ೫೩ ಲಕ್ಷ ಎಲೆಕ್ಟ್ರಾನ್-ವೋಲ್ಟಿಗೆ ಇಳಿಸುತ್ತದೆ. ಅಲ್ಲಿಂದ ಮುಂದೆ ಲೋಹದ ತೆಳುಹಾಳೆಯಿಂದ ತಡೆದು ಹಿಡಿಯುತ್ತಿದ್ದಾಗ ಸಾವಿರಕ್ಕೆ ಒಂದು ಕಣವೂ ಉಳಿಯುವುದು ಕಷ್ಟವಾಗಿತ್ತು. ಎಲೆನಾ ಎಂಬ ೩೦ ಮೀಟರು ಸುತ್ತಳತೆಯ ಇನ್ನೊಂದು ಚಿಕ್ಕ ಉಂಗುರವು ಸೇರಿ, ೨೦೨೧ರಿಂದ ಕಣಗಳನ್ನು ೧ ಲಕ್ಷ ಎಲೆಕ್ಟ್ರಾನ್-ವೋಲ್ಟಿನವರೆಗೂ ಇಳಿಸಿ ಪ್ರಯೋಗಗಳಿಗೆ ಒದಗಿಸತೊಡಗಿದ ಮೇಲೆ ಈ ನಷ್ಟವು ಬಹಳವಾಗಿ ತಗ್ಗಿತು.

೫

ಇದುವರೆಗೆ ಹೇಳಿದ್ದು ವಿದ್ಯುದಂಶವುಳ್ಳ ಕಣಗಳ ಮಾತು. ಪ್ರತಿಪ್ರೋಟಾನಿನ ಸುತ್ತ ಪಾಸಿಟ್ರಾನೊಂದು ಕೂಡಿದರೆ ಪ್ರತಿಹೈಡ್ರೊಜನ್ ಪರಮಾಣುವಾಗುತ್ತದೆ. ೧೯೯೫ರಲ್ಲಿ ಲಿಯರ್ ಯಂತ್ರದಲ್ಲಿ ಇಂಥ ಒಂಬತ್ತು ಪರಮಾಣುಗಳು ಹುಟ್ಟಿದುವು. ಆದರೆ ಅವು ಬೆಳಕಿನ ವೇಗಕ್ಕೆ ಸಮೀಪವಾದ ವೇಗದಲ್ಲಿ ಓಡಿ, ಸೆಕೆಂಡಿನ ಒಂದು ಕೋಟಿಯಲ್ಲಿ ಒಂದು ಪಾಲೂ ಬಾಳಲಿಲ್ಲ. ಇಲ್ಲಿಯೂ ಕಾಣುವುದು ಬೇರೆ, ಇರಿಸಿಕೊಳ್ಳುವುದು ಬೇರೆ ಎಂಬ ಹಳೆಯ ಪಾಠವೇ ಮರುಕಳಿಸಿತು.

ತಣ್ಣನೆಯ ಪರಮಾಣುಗಳನ್ನು ಮಾಡಬೇಕಾದರೆ ಋಣಕಣವಾದ ಪ್ರತಿಪ್ರೋಟಾನನ್ನೂ ಧನಕಣವಾದ ಪಾಸಿಟ್ರಾನನ್ನೂ ಒಂದೇ ಬೋನಿನಲ್ಲಿ ಕೂಡಿಸಬೇಕು. ಒಂದಕ್ಕೆ ಹಳ್ಳವಾದದ್ದು ಇನ್ನೊಂದಕ್ಕೆ ದಿಬ್ಬ. ಆದುದರಿಂದ ಪ್ರತಿಪ್ರೋಟಾನುಗಳ ದೊಡ್ಡ ಹಳ್ಳದ ನಡುವೆ ಚಿಕ್ಕ ದಿಬ್ಬವೊಂದನ್ನು ಎಬ್ಬಿಸುತ್ತಾರೆ. ಆ ದಿಬ್ಬವೇ ಪಾಸಿಟ್ರಾನುಗಳ ಹಳ್ಳ. ಈ ಬಗೆಯಾಗಿ ೨೦೦೨ರಲ್ಲಿ ಅಥೀನ ಎಂಬ ತಂಡವು ಸಾವಿರಾರು ಶೀತಪರಮಾಣುಗಳನ್ನು ಮಾಡಿತು. ಸ್ವಲ್ಪದರಲ್ಲಿಯೇ ಏಟ್ರಾಪ್ ಎಂಬ ತಂಡವೂ ಅದನ್ನು ಸಾಧಿಸಿತು. ಆದರೆ ಪರಮಾಣುವಾದೊಡನೆ ಅದರ ಒಟ್ಟು ವಿದ್ಯುದಂಶವು ಸೊನ್ನೆ. ಪೆನ್ನಿಂಗ್ ಬೋನಿನ ಹಿಡಿತವು ಅದಕ್ಕೆ ತಟ್ಟುವುದಿಲ್ಲ. ಅದು ಗೋಡೆಯ ಕಡೆಗೆ ನಡೆದು ಅಳಿಯುತ್ತದೆ.

ಪರಮಾಣುವಿಗೆ ಉಳಿದಿರುವುದು ಅತ್ಯಲ್ಪವಾದ ಕಾಂತಗುಣವೊಂದೇ. ನಡುವೆ ದುರ್ಬಲವಾಗಿಯೂ ಸುತ್ತಲೂ ಪ್ರಬಲವಾಗಿಯೂ ಇರುವಂತೆ ಕಾಂತಕ್ಷೇತ್ರವನ್ನು ರಚಿಸಿದರೆ ಕೆಲವು ಪರಮಾಣುಗಳು ನಡುವೆಯೇ ನಿಲ್ಲುತ್ತವೆ. ಆದರೆ ಈ ಬೇಲಿಯು ಬಹಳ ತಗ್ಗು: ನಿರಪೇಕ್ಷ ಶೂನ್ಯಕ್ಕಿಂತ ಅರ್ಧ ಡಿಗ್ರಿಯಷ್ಟು ಮಾತ್ರ ಬಿಸಿಯಾದ ಪರಮಾಣುವೂ ಅದನ್ನು ಹಾರಿಹೋಗುತ್ತದೆ. ೨೦೧೦ರಲ್ಲಿ ಸರ್ನ್ ಕೇಂದ್ರದ ಆಲ್ಫಾ ತಂಡವು ಸುಮಾರು ೧ ಕೋಟಿ ಪ್ರತಿಪ್ರೋಟಾನುಗಳನ್ನೂ ೭೦ ಕೋಟಿ ಪಾಸಿಟ್ರಾನುಗಳನ್ನೂ ಬಳಸಿ, ಒಟ್ಟು ೩೮ ಪರಮಾಣುಗಳನ್ನು ಹಿಡಿಯಿತು. ಅವುಗಳನ್ನು ಇರಿಸಿಕೊಂಡದ್ದು ಸೆಕೆಂಡಿನ ಆರರಲ್ಲೊಂದು ಪಾಲಿನಷ್ಟು ಹೊತ್ತು. ಹಿಡಿದದ್ದು ನಿಜವೆಂದು ತಿಳಿದುದಾದರೂ ಕಾಂತವನ್ನು ಥಟ್ಟನೆ ಆರಿಸಿ, ಪರಮಾಣುಗಳು ಗೋಡೆಗೆ ತಾಗಿ ಅಳಿದಾಗ ಹೊರಟ ಪಯಾನ್‌ಗಳ ಜಾಡಿನಿಂದ. ಮರುವರ್ಷ ಅದೇ ತಂಡವು ಪರಮಾಣುಗಳನ್ನು ೧,೦೦೦ ಸೆಕೆಂಡು, ಎಂದರೆ ಹದಿನಾರು ನಿಮಿಷಕ್ಕೂ ಮೀರಿ, ಇರಿಸಿಕೊಂಡಿತು.

೬

ಹೀಗೆ ಇರಿಸಿಕೊಂಡದ್ದರಿಂದ ತಿಳಿದುಬಂದುದೇನು?

ಬೋನಿನಲ್ಲಿ ಸುತ್ತುವ ಕಣವು ಸೆಕೆಂಡಿಗೆ ಎಷ್ಟು ಸುತ್ತು ಹಾಕುವುದೆಂಬುದು ಕಾಂತಕ್ಷೇತ್ರದ ಬಲವನ್ನೂ, ಕಣದ ವಿದ್ಯುದಂಶಕ್ಕೂ ದ್ರವ್ಯರಾಶಿಗೂ ಇರುವ ಅನುಪಾತವನ್ನೂ ಅವಲಂಬಿಸಿದೆ. ಸುತ್ತುವ ಕಣವು ಉಂಗುರಗಳಲ್ಲಿ ಹುಟ್ಟಿಸುವ ಅತಿಸೂಕ್ಷ್ಮ ವಿದ್ಯುತ್ಪ್ರವಾಹದಿಂದ, ಕಣವನ್ನು ಮುಟ್ಟದೆಯೇ, ಸುತ್ತುಗಳನ್ನು ಎಣಿಸಬಹುದು. ಬೇಸ್ ಎಂಬ ತಂಡದ ಬೋನಿನಲ್ಲಿ ಪ್ರತಿಪ್ರೋಟಾನು ಸೆಕೆಂಡಿಗೆ ಸುಮಾರು ೩ ಕೋಟಿ ಸುತ್ತುಗಳನ್ನು ಹಾಕುತ್ತದೆ. ಇದರೊಡನೆ ಪ್ರೋಟಾನನ್ನು ಹೋಲಿಸಬೇಕಾದರೆ ವೋಲ್ಟೇಜುಗಳನ್ನೆಲ್ಲ ತಿರುವುಮುರುವು ಮಾಡಬೇಕು. ಅದರಿಂದ ತಪ್ಪುಗಳು ನುಸುಳಬಹುದು. ಅದಕ್ಕೆಂದು ಪ್ರೋಟಾನಿನ ಬದಲು ಎರಡು ಎಲೆಕ್ಟ್ರಾನುಗಳುಳ್ಳ ಋಣ ಹೈಡ್ರೊಜನ್ ಅಯಾನನ್ನು ಬಳಸುತ್ತಾರೆ. ಅದೂ ಋಣಕಣವೇ ಆದುದರಿಂದ ಒಂದೇ ಬೋನಿನಲ್ಲಿ, ಒಂದೇ ಏರ್ಪಾಟಿನಲ್ಲಿ ಎರಡನ್ನೂ ತೂಗಿದಂತಾಗುತ್ತದೆ. ಗೇಬ್ರಿಯೆಲ್ಸ್ ಅವರ ತಂಡವು ಈ ಹೋಲಿಕೆಯನ್ನು ೧೯೯೯ರಲ್ಲಿ ಒಂದು ಲಕ್ಷ ಕೋಟಿಯಲ್ಲಿ ೯೦ ಪಾಲಿನ ನಿಖರತೆಗೂ, ಬೇಸ್ ತಂಡವು ೨೦೨೨ರಲ್ಲಿ ೧೬ ಪಾಲಿನ ನಿಖರತೆಗೂ ತಂದುವು. ವ್ಯತ್ಯಾಸವು ಕಾಣಲಿಲ್ಲ. ೧೯೫೫ರಲ್ಲಿ ನೂರಕ್ಕೆ ಐದರಷ್ಟಿದ್ದ ಸಂದೇಹವು ಎಷ್ಟರಮಟ್ಟಿಗೆ ಕರಗಿತೆಂಬುದನ್ನು ವಿದ್ಯಾರ್ಥಿಗಳು ಲೆಕ್ಕಹಾಕಿ ನೋಡಬಹುದು.

ಬೇಸ್ ತಂಡದವರು ಪ್ರತಿಪ್ರೋಟ್ಗಾನುಗಳಿಗೆ ಕಣಜದಂಥ ಬೋನೊಂದನ್ನು ಮಾಡಿ, ಬೇಕಾದಾಗ ಒಂದೊಂದನ್ನೇ ತೆಗೆದು ಬಳಸುತ್ತಾರೆ. ೨೦೧೫ರಲ್ಲಿ ತುಂಬಿದ ಕಣಜವು ೪೦೫ ದಿನಗಳವರೆಗೆ ಉಳಿದಿತ್ತು. ಇದು ಬರಿಯ ದಾಖಲೆಯ ಮಾತಲ್ಲ. ವೇಗೋತ್ಕರ್ಷಕಗಳು ನಡೆಯುತ್ತಿರುವಾಗ ಸುತ್ತಲಿನ ಕಾಂತಕ್ಷೇತ್ರವು ಕದಡುತ್ತಿರುತ್ತದೆ. ಚಳಿಗಾಲದಲ್ಲಿ ಅವು ನಿಂತಾಗ ಮಾತ್ರ ಸೂಕ್ಷ್ಮವಾದ ಅಳತೆಗೆ ಬೇಕಾದ ನಿಶ್ಶಬ್ದವು ದೊರೆಯುತ್ತದೆ. ಆದರೆ ಆಗ ಹೊಸ ಪ್ರತಿಪ್ರೋಟಾನುಗಳು ಹುಟ್ಟುವುದಿಲ್ಲ. ಕೂಡಿಟ್ಟವರಿಗೆ ಮಾತ್ರ ಆ ಕಾಲವು ಉಪಯೋಗಕ್ಕೆ ಬರುತ್ತದೆ. ೨೦೧೭ರಲ್ಲಿ ಪ್ರತಿಪ್ರೋಟಾನಿನ ಕಾಂತಗುಣವನ್ನು ನೂರು ಕೋಟಿಯಲ್ಲಿ ಒಂದೂವರೆ ಪಾಲಿನ ನಿಖರತೆಯಿಂದ ಅಳೆದದ್ದು ಈ ಕಣಜದ ಫಲ.

ಪ್ರತಿಹೈಡ್ರೊಜನ್ನಿನ ವಿಷಯದಲ್ಲಿಯೂ ಆಲ್ಫಾ ತಂಡವು ೨೦೧೬ರಲ್ಲಿ ಅದರ ಮುಖ್ಯವಾದ ರೋಹಿತ ಸಂಕ್ರಮಣವೊಂದನ್ನು ಲೇಸರ್ ಬೆಳಕಿನಿಂದ ಕಂಡು, ೨೦೧೮ರಲ್ಲಿ ಅದನ್ನು ಒಂದು ಲಕ್ಷ ಕೋಟಿಯಲ್ಲಿ ೨ ಪಾಲಿನ ನಿಖರತೆಯಿಂದ ಅಳೆಯಿತು. ಅದು ಹೈಡ್ರೊಜನ್ನಿನಂತೆಯೇ ಇದ್ದಿತು. ೨೦೨೧ರಲ್ಲಿ ಪರಮಾಣುಗಳನ್ನು ಲೇಸರಿನಿಂದಲೇ ಇನ್ನಷ್ಟು ತಣಿಸಿದರು. ೨೦೨೩ರಲ್ಲಿ, ನೆಟ್ಟಗೆ ನಿಲ್ಲಿಸಿದ ಬೋನಿನ ಮೇಲಿನ ಕೆಳಗಿನ ಬೇಲಿಗಳನ್ನು ಮೆಲ್ಲಗೆ ತಗ್ಗಿಸಿ ನೋಡಿದಾಗ ಬಹುಪಾಲು ಪರಮಾಣುಗಳು ಕೆಳಗಿನಿಂದ ಹೊರಬಿದ್ದುವು. ಪ್ರತಿದ್ರವ್ಯವು ಭೂಮಿಯ ಕಡೆಗೆ ಬೀಳುವುದೇ ಹೊರತು ಮೇಲಕ್ಕೆ ಏರುವುದಿಲ್ಲವೆಂಬುದು ಹೀಗೆ ಪ್ರತ್ಯಕ್ಷ ಪ್ರಯೋಗದಿಂದ ಸ್ಥಿರಪಟ್ಟಿತು. ಅಳೆದ ವೇಗೋತ್ಕರ್ಷವು ಸಾಮಾನ್ಯ ಗುರುತ್ವದ ೦.೭೫ರಷ್ಟು, ಅಳತೆಯ ಅನಿಶ್ಚಿತತೆಯು ದೊಡ್ಡದಾದುದರಿಂದ ಇದು ಪೂರ್ಣಮೌಲ್ಯಕ್ಕೆ ವಿರುದ್ಧವಲ್ಲ.

೭

ಪ್ರತಿದ್ರವ್ಯವನ್ನು ಕೂಡಿಟ್ಟು ಬಾಂಬನ್ನೋ ಇಂಧನವನ್ನೋ ಮಾಡಬಹುದೆಂಬ ಮಾತು ಆಗಾಗ ಕೇಳಿಬರುತ್ತದೆ. ಇದನ್ನು ಅಂಕಗಣಿತದಿಂದಲೇ ಪರೀಕ್ಷಿಸಬಹುದು. ಸರ್ನ್ ಕೇಂದ್ರದ ಯಂತ್ರವು ಒಂದು ಸಲಕ್ಕೆ ಸುಮಾರು ೩ ಕೋಟಿ ಪ್ರತಿಪ್ರೋಟಾನುಗಳನ್ನು ಕೊಡುತ್ತದೆ; ಒಂದು ಸಲಕ್ಕೆ ಸುಮಾರು ಎರಡು ನಿಮಿಷ. ಒಂದು ಗ್ರಾಮಿಗೆ ಬೇಕಾದ ಪ್ರತಿಪ್ರೋಟಾನುಗಳ ಸಂಖ್ಯೆಯು ಆರರ ಮುಂದೆ ಇಪ್ಪತ್ತಮೂರು ಸೊನ್ನೆ. ಒಂದೂ ನಷ್ಟವಾಗದೆ ಎಡೆಬಿಡದೆ ಕೂಡಿಟ್ಟರೂ ಏಳು ಸಾವಿರ ಕೋಟಿ ವರ್ಷಗಳಿಗಿಂತ ಹೆಚ್ಚು ಕಾಲ ಬೇಕು. ವಿಶ್ವದ ವಯಸ್ಸೇ ಸುಮಾರು ೧,೩೮೦ ಕೋಟಿ ವರ್ಷ. ಆ ಕೇಂದ್ರದಲ್ಲಿ ಇದುವರೆಗೆ ಹುಟ್ಟಿದ ಪ್ರತಿದ್ರವ್ಯವೆಲ್ಲ ಒಮ್ಮೆಗೇ ಅಳಿದರೂ ದೊರೆಯುವ ಶಕ್ತಿಯಿಂದ ವಿದ್ಯುದ್ದೀಪವೊಂದು ಕೆಲವು ನಿಮಿಷಗಳು ಉರಿಯಬಹುದು, ಅಷ್ಟೆ.

ಈಗಿನ ಯತ್ನವು ಪ್ರಮಾಣವನ್ನು ಹೆಚ್ಚಿಸುವುದಕ್ಕಿಂತ ಹೆಚ್ಚಾಗಿ ನಿಶ್ಶಬ್ದವಾದ ಸ್ಥಳವನ್ನು ಅರಸುವ ಕಡೆಗೆ ನಡೆದಿದೆ. ೨೦೨೪ರ ಅಕ್ಟೋಬರಿನಲ್ಲಿ ಬೇಸ್ ತಂಡದವರು ಸಾಗಿಸಬಹುದಾದ ಬೋನೊಂದರಲ್ಲಿ, ಮೊದಲ ಪರೀಕ್ಷೆಗಾಗಿ, ೭೦ ಪ್ರೋಟಾನುಗಳನ್ನು ಇರಿಸಿ ಲಾರಿಯ ಮೇಲೆ ಸರ್ನ್ ಆವರಣದೊಳಗೆ ಸುತ್ತಾಡಿಸಿ, ಅವು ಕಳೆಯದಂತೆ ಹಿಂದಕ್ಕೆ ತಂದರು. ಪ್ರತಿಪ್ರೋಟಾನುಗಳನ್ನು ಹುಟ್ಟಿದ ಸ್ಥಳದಿಂದ ಬೇರೆ ಪ್ರಯೋಗಶಾಲೆಗಳಿಗೆ ಒಯ್ಯುವುದೇ ಇದರ ಗುರಿ.

ಇದುವರೆಗಿನ ಅಳತೆಗಳಲ್ಲೆಲ್ಲ ಬೋನಿನೊಳಗಿನ ಪ್ರತಿದ್ರವ್ಯವು ದ್ರವ್ಯಕ್ಕೆ ಸಮನಾಗಿಯೇ ಕಂಡಿದೆ. ವಿಶ್ವದಲ್ಲಿ ದ್ರವ್ಯವು ಮಾತ್ರವೇ ಏಕೆ ಉಳಿಯಿತೆಂಬ ಪ್ರಶ್ನೆಗೆ ಈ ಬೋನುಗಳು ಉತ್ತರವನ್ನು ಕೊಟ್ಟಿಲ್ಲ. ಹಾಗೆಂದು ಶ್ರಮವು ವ್ಯರ್ಥವಾಯಿತೆಂದು ಹೇಳಲಾಗದು. ಉತ್ತರವು ಎಲ್ಲೆಲ್ಲಿ ಇಲ್ಲವೆಂಬುದು ಹನ್ನೊಂದು ದಶಮಾಂಶ ಸ್ಥಾನಗಳವರೆಗೆ ಖಚಿತವಾಗಿದೆ. ಊಹೆಗೆ ಉಳಿದಿರುವ ಎಡೆಯು ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತಿದೆ. ಇಷ್ಟನ್ನು ಹೇಳುವ ಅಧಿಕಾರವು ಆ ಶಾಸ್ತ್ರಕ್ಕೆ ಬಂದದ್ದು ೧೯೫೫ರ ಆವಿಷ್ಕಾರದಿಂದ ಮಾತ್ರವಲ್ಲ. ಕಂಡ ಕಣವನ್ನು ತಡೆದು, ತಣಿಸಿ, ಮುಟ್ಟದೆ ಕಾಪಾಡಿಕೊಂಡು ಬಂದ ನಾಲ್ಕು ದಶಕಗಳ ಕೆಲಸದಿಂದ.